ಜಿಪ್ಸಿಗೆ 4.16 ಲೋ ಗೇರ್ ಹಾಕಿಸಿದ ಮೇಲೆ ಏರಿನಲ್ಲಿ ಲೋ ಬಿಟ್ಟು ನ್ಯೂಟ್ರಲ್‌ಗೆ ಬೀಳುತ್ತಿದೆ

ಖಾನಾಪುರ ಜಿಪ್ಸಿ:
ಎಲ್ಲರಿಗೂ ನಮಸ್ಕಾರ್ರೀ. ಗಾಡಿ ಮಾರುತಿ ಜಿಪ್ಸಿ, 1.3 ಲೀಟರ್ ಎಂಪಿಎಫ್ಐ, ಟೈರ್ 235/75 ಆರ್15. ಜಾಂಬೋಟಿ ಕಡೆ ನಮ್ಮ ಗೋಡಂಬಿ ತೋಟಕ್ಕೆ ಹೋಗುವ ದಾರಿ ಪೂರ್ತಿ ಕೆಂಪು ಜಂಬಿಟ್ಟಿಗೆ ಕಲ್ಲು. ಮಳೆಗಾಲದಲ್ಲಿ ನೀರು ಹರಿದು ನಡುವೆ ಕೊರಕಲು ಬೀಳುತ್ತದೆ. ಕಂಪನಿಯ ಲೋ ಗೇರಿನಲ್ಲಿ ಅಲ್ಲಿ ನಿಧಾನ ಹತ್ತಿಸಲು ಆಗುತ್ತಿರಲಿಲ್ಲ, ಅರ್ಧ ಕ್ಲಚ್ ಹಿಡಿದೇ ಹೋಗಬೇಕಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಅದಕ್ಕೇ ಟ್ರಾನ್ಸ್‌ಫರ್ ಕೇಸ್ (ಗೇರ್ ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗೆ ಹಂಚುವ, ಹೈ-ಲೋ ಗೇರ್ ಇರುವ ಪೆಟ್ಟಿಗೆ) ಬಿಚ್ಚಿಸಿ ಲೋ ಅನುಪಾತ 4.16 ಇರುವ ಗೇರ್ ಕಿಟ್ ಹಾಕಿಸಿದೆ.

ಸಪಾಟು ನೆಲದಲ್ಲಿ ಗಾಡಿ ಎಷ್ಟು ಚೆಂದ ನಡೆಯುತ್ತದೆ ಅಂದರೆ ಆಕ್ಸಿಲರೇಟರ್ ಮೇಲೆ ಕಾಲೇ ಬೇಡ. ಆದರೆ ಕಡಿದಾದ ಏರಿನಲ್ಲಿ ಫಸ್ಟ್ ಗೇರ್, 4ಎಲ್ (ನಾಲ್ಕೂ ಗಾಲಿಗೆ ಬಲ, ಲೋ ಗೇರ್) ಹಾಕಿ ಹತ್ತುವಾಗ, ಮುಂದಿನ ಗಾಲಿ ಕಲ್ಲಿಗೆ ತಾಗಿ ಲೋಡ್ ಬಿದ್ದ ಕ್ಷಣ, ಟಕ್ ಅಂತ ಲಿವರ್ ತಾನೇ ನ್ಯೂಟ್ರಲ್‌ಗೆ ಬರುತ್ತದೆ. ಗಾಡಿ ಹಿಂದಕ್ಕೆ ಉರುಳುತ್ತದೆ. ಇಳಿಯುವಾಗ ಹೀಗಾಗುವುದಿಲ್ಲ. ರಿವರ್ಸ್‌ನಲ್ಲಿ ಅದೇ ಏರು ಹತ್ತಿಸಿದರೂ ಆಗುವುದಿಲ್ಲ. ಇನ್ನೊಂದು, ಹೈನಲ್ಲಿ 50-60ಕ್ಕೆ ಹೋದಾಗ ಸಣ್ಣಗೆ ನಡುಕ. ಆಯಿಲ್ ಇಳಿಸಿ ನೋಡಿದೆ, ಕಬ್ಬಿಣದ ಪುಡಿ ಇಲ್ಲ. ಮೇಸ್ತ್ರಿ ಕೇಸ್ ಮತ್ತೆ ಬಿಚ್ಚೋಣ, ಫೋರ್ಕ್ (ಒಳಗೆ ಗೇರ್ ಸರಿಸುವ ಕವಲು) ಸವೆದಿರಬೇಕು ಅಂತಾರೆ. ಬಿಚ್ಚಿಸಬೇಕಾ?

ಎರಿಹೊಲ ವಿಜಯಪುರ:
ಫೋರ್ಕ್‌ಗಿಂತ ಮೊದಲು ಶಿಫ್ಟ್ ಶಾಫ್ಟಿನ ಬಾಲ್ ಮತ್ತು ಸ್ಪ್ರಿಂಗ್ ನೋಡಿಸಿ. ಕೇಸ್ ಬಿಚ್ಚಿದಾಗ ಅವು ಉರುಳಿ ಬೀಳುತ್ತವೆ. ಯಾವುದು ಎಲ್ಲಿಂದ ಬಂತು ಅಂತ ಗುರುತು ಹಾಕದಿದ್ದರೆ ಅದಲು ಬದಲಾಗುತ್ತದೆ. ಸ್ಪ್ರಿಂಗ್ ಸಡಿಲ ಇದ್ದರೆ ಲಿವರ್ ನಿಲ್ಲುವುದಿಲ್ಲ.

ಉದ್ಯಮಬಾಗ ಲೇತ್:
ವಿಜಯಪುರದ ಅಣ್ಣಾರು ಹೇಳಿದ್ದು ಸರಿ, ಆದರೆ ಸ್ಪ್ರಿಂಗ್ ಅಥವಾ ಫೋರ್ಕ್ ಕೆಟ್ಟಿದ್ದರೆ ರಿವರ್ಸ್‌ನಲ್ಲೂ ಬಿಡಬೇಕು, ಇಳಿಜಾರಿನಲ್ಲೂ ಬಿಡಬೇಕು. ಸ್ಲೀವಿನ (ಫೋರ್ಕ್ ಸರಿಸುವ, ಗೇರಿಗೆ ಕಚ್ಚಿಕೊಳ್ಳುವ ಉಂಗುರ) ಹಲ್ಲು ಒಂದೇ ಮಗ್ಗುಲು ಸವೆದಿದ್ದರೆ ಒಂದೇ ಕಡೆ ಬಿಡಬಹುದು, ಅದು ನಿಜ. ಕಿಟ್ ಹಾಕುವಾಗ ಬಹಳ ಜನ ಹಳೆಯ ಸ್ಲೀವನ್ನೇ ಇಟ್ಟುಬಿಡುತ್ತಾರೆ. ಆದರೂ ಕೇಸ್ ಈಗಲೇ ಬಿಚ್ಚಬೇಡಿ ತಮ್ಮಾ. ಮೊದಲು ಹೊರಗೆ ನೋಡಿ. ನನಗೆ ಅನುಮಾನ ಇರುವುದು ಕೇಸನ್ನು ಚಾಸಿಗೆ ಹಿಡಿದಿರುವ ರಬ್ಬರ್ ಮೌಂಟ್‌ಗಳ ಮೇಲೆ.

ಯಾಕೆ ಅಂತ ಲೆಕ್ಕ ಹೇಳುತ್ತೇನೆ, ಇದು ತಿಳಿದರೆ ಮುಂದೆ ಏನು ಬದಲಿಸಿದರೂ ನಿಮಗೇ ಅಂದಾಜು ಸಿಗುತ್ತದೆ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಶಾಫ್ಟ್ ಇದೆ. ಕೇಸ್ ಮೂರು ರಬ್ಬರ್ ಮೌಂಟ್ ಮೇಲೆ ಒಂಟಿಯಾಗಿ ತೂಗಿಕೊಂಡಿದೆ. 1.3 ಲೀಟರ್ ಗಾಡಿಯಲ್ಲಿ ಕಂಪನಿ ಲೋ 2.268. ನಿಮ್ಮದು ಈಗ 4.16. ಅಂದರೆ ಆಕ್ಸಲ್‌ಗೆ ಹೋಗುವ ತಿರುಚು ಬಲ ಸುಮಾರು 83 ಶೇಕಡಾ ಜಾಸ್ತಿ. ಇಷ್ಟು ಎಲ್ಲರೂ ಲೆಕ್ಕ ಹಾಕುತ್ತಾರೆ.

ಆದರೆ ಮೌಂಟ್‌ಗೆ ಬೀಳುವುದು ಬೇರೆ ಲೆಕ್ಕ. ಒಳಗೆ ಬರುವ ಬಲ 1 ಅಂದುಕೊಳ್ಳಿ, ಹೊರಗೆ ಹೋಗುವುದು 2.268. ನಡುವಿನ ವ್ಯತ್ಯಾಸ 1.268, ಅದನ್ನು ಕೇಸ್ ತನ್ನ ಮೈಮೇಲೆ ತಗೊಂಡು ಮೌಂಟ್ ಮೂಲಕ ಚಾಸಿಗೆ ಕೊಡಬೇಕು. 4.16 ಹಾಕಿದರೆ ಆ ವ್ಯತ್ಯಾಸ 3.16. ಭಾಗಿಸಿ ನೋಡಿ, ಹತ್ತಿರ ಹತ್ತಿರ ಎರಡೂವರೆ ಪಟ್ಟು! ಡ್ರಿಲ್ ಮಷೀನಿನ ಬಿಟ್ ಗೋಡೆಯಲ್ಲಿ ಸಿಕ್ಕಿಕೊಂಡರೆ ಮಷೀನೇ ಕೈಯನ್ನು ತಿರುಚುತ್ತದಲ್ಲ, ಇಲ್ಲಿ ಆಗುವುದೂ ಅದೇ. ಹಳೆಯ ಗಾಡಿಯ ರಬ್ಬರ್ ಇದನ್ನು ತಡೆಯುವುದಿಲ್ಲ.

ಜಿಪ್ಸಿಯ 4×4 ಲಿವರ್ ಕೂತಿರುವುದು ಕೇಸ್ ಮೇಲೆಯೇ. ಕೇಸ್ ಓರೆಯಾಗಿ ಎದ್ದರೆ ಲಿವರೂ ಜೊತೆಗೇ ಓಡಾಡುತ್ತದೆ. 4ಎಲ್‌ನಲ್ಲಿ ಲಿವರ್ ಒಂದು ತುದಿಗೆ ಇರುವುದರಿಂದ ಫ್ಲೋರಿನ ತಗಡಿನ ಅಂಚಿಗೆ ತಾಗಲು ಜಾಸ್ತಿ ಜಾಗ ಬೇಕಿಲ್ಲ. ತಾಗಿದರೆ ತಗಡೇ ಅದನ್ನು ನ್ಯೂಟ್ರಲ್ ಕಡೆ ತಳ್ಳುತ್ತದೆ. ರಿವರ್ಸ್‌ನಲ್ಲಿ, ಇಳಿಜಾರಿನಲ್ಲಿ ಬಲ ಉಲ್ಟಾ ಬೀಳುತ್ತದೆ, ಕೇಸ್ ಇನ್ನೊಂದು ಕಡೆ ವಾಲುತ್ತದೆ. ನಿಮಗೆ ಅಲ್ಲಿ ಆಗದಿರುವುದಕ್ಕೆ ಕಾರಣ ಇದೇ ಇರಬೇಕು.

ಪರೀಕ್ಷೆ ಸುಲಭ. ಸಪಾಟು ಜಾಗ, ನಾಲ್ಕೂ ಗಾಲಿಗೆ ದಪ್ಪ ಕಲ್ಲು, ಹ್ಯಾಂಡ್ ಬ್ರೇಕ್ ಎಳೆದು ಫುಟ್ ಬ್ರೇಕನ್ನೂ ಒತ್ತಿ ಹಿಡಿಯಬೇಕು. ಕೇಸಿನ ತೋಳಿಗೂ (ಮೌಂಟ್ ಕೂರುವ ಕೈ) ಚಾಸಿಗೂ ನೇರವಾಗಿ ಒಂದು ಸೀಮೆಸುಣ್ಣದ ಗೆರೆ ಹಾಕಿ. ಗೊತ್ತಿರುವವರು ಒಳಗೆ ಕೂತು 4ಎಲ್ ಫಸ್ಟ್‌ನಲ್ಲಿ ಕ್ಲಚ್ ಸ್ವಲ್ಪವೇ ಬಿಡಲಿ, ಎಂಜಿನ್ ತಗ್ಗುವಷ್ಟು ಮಾತ್ರ. ನೀವು ಪಕ್ಕದಲ್ಲಿ ನಿಂತು ಬಗ್ಗಿ ನೋಡಿ. ಗಾಡಿ ಕೆಳಗೆ ಹೋಗಬೇಡಿ, ಮುಂದೆಯೂ ನಿಲ್ಲಬೇಡಿ. ಗೆರೆ ಎಷ್ಟು ಸರಿಯಿತು, ಲಿವರ್ ಎತ್ತ ಹೋಯಿತು ನೋಡಿ. ಆಮೇಲೆ ರಿವರ್ಸ್‌ನಲ್ಲೂ ಅದನ್ನೇ ಮಾಡಿ.

ಅಲ್ಲಿಯವರೆಗೆ ಆ ಏರಿಗೆ ದಯವಿಟ್ಟು ಹೋಗಬೇಡಿ. ಕೇಸ್ ನ್ಯೂಟ್ರಲ್‌ಗೆ ಬಿದ್ದರೆ ಎಂಜಿನ್ನಿಗೂ ಗಾಲಿಗೂ ಸಂಬಂಧವೇ ಇರುವುದಿಲ್ಲ, ಗೇರ್ ಹಾಕಿ ನಿಲ್ಲಿಸುತ್ತೇನೆ ಅಂದರೂ ನಿಲ್ಲುವುದಿಲ್ಲ. ಬ್ರೇಕ್ ಒಂದೇ ಗತಿ.

ಜಮಖಂಡಿ 4×4:
ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನದೂ 1.3 ಜಿಪ್ಸಿ. ಇಷ್ಟು ದುಡ್ಡಿನ ಕಿಟ್ ಬದಲು ಗುಜರಿಯಲ್ಲಿ ಸಿಗುವ ಹಳೆಯ 1 ಲೀಟರ್ ಗಾಡಿಯ ಗೇರ್ ಹಾಕಬಹುದಾ? ನನ್ನ ಓಡಾಟ ಜಾಸ್ತಿ ಕಬ್ಬಿನ ಹೊಲದ ಎರಿ ಮಣ್ಣಿನಲ್ಲಿ.

ಉದ್ಯಮಬಾಗ ಲೇತ್:
1 ಲೀಟರ್ ಎಸ್‌ಜೆ410ರ ಕೇಸಿನಲ್ಲಿ ಹೈ 1.580, ಲೋ 2.511. 1.3ರಲ್ಲಿ ಹೈ 1.409, ಲೋ 2.268. ಹೈನಲ್ಲಿ 12 ಶೇಕಡಾ, ಲೋನಲ್ಲಿ ಸುಮಾರು 11 ಶೇಕಡಾ ಸಿಗುತ್ತದೆ. ದೊಡ್ಡ ಟೈರ್ ಹಾಕಿ ಕಳೆದುಕೊಂಡಿದ್ದು ವಾಪಸ್ ಬಂತು ಅಂದುಕೊಳ್ಳಿ, ಅದಕ್ಕಿಂತ ಜಾಸ್ತಿ ಇಲ್ಲ. ಗುಜರಿಯಲ್ಲಿ ಕೊಳ್ಳುವ ಮೊದಲು ಹಲ್ಲು ಎಣಿಸಿ, ಬೇರಿಂಗ್ ಕೂರುವ ಜಾಗ ನಿಮ್ಮ ಶಾಫ್ಟಿನ ಜೊತೆ ವರ್ನಿಯರ್‌ನಿಂದ ಅಳೆದು ನೋಡಿ. ಹಲ್ಲಿನ ಮೇಲೆ ಸಣ್ಣ ಗುಳಿ ಕಂಡರೆ ಮುಟ್ಟಬೇಡಿ.

ಎರಿಹೊಲ ವಿಜಯಪುರ:
ಜಮಖಂಡಿ ಅಣ್ಣಾ, ಎರಿ ಮಣ್ಣಿಗೆ ಅಷ್ಟು ಲೋ ಬೇಕಾಗಿಯೇ ಇಲ್ಲ. ಹಸಿ ಎರಿ ಟೈರಿನ ಹಲ್ಲುಗಳ ಸಂದಿಯೊಳಗೆ ತುಂಬಿಕೊಳ್ಳುತ್ತದೆ. ಗಾಲಿ ಸ್ವಲ್ಪ ಜೋರಾಗಿ ತಿರುಗಿದರೇ ಅದು ಸಿಡಿದು ಹೋಗುವುದು. ನಮ್ಮ ಕಡೆ ಲೋ ಹಾಕಿದರೂ ಸೆಕೆಂಡ್ ಇಲ್ಲ ಥರ್ಡ್‌ನಲ್ಲಿ, ನಿಲ್ಲಿಸದೆ ದಾಟುತ್ತೇವೆ. ದುಡ್ಡನ್ನು ಒಳ್ಳೆಯ ಮಡ್ ಟೈರಿಗೆ ಹಾಕಿ. 4.16 ಬೇಕಾಗುವುದು ಖಾನಾಪುರದಂಥ ಕಲ್ಲಿನ ಏರಿಗೆ.

ಖಾನಾಪುರ ಜಿಪ್ಸಿ:
ಅಣ್ಣಾರೇ, ಪರೀಕ್ಷೆ ಮಾಡಿದೆವು. ನೀವು ಹೇಳಿದ್ದೇ ಸರಿ. ಫಸ್ಟ್‌ನಲ್ಲಿ ಕ್ಲಚ್ ಬಿಡುತ್ತಿದ್ದ ಹಾಗೆ ಎಡಗಡೆ ತೋಳು ಮೇಲಕ್ಕೆ ಎದ್ದಿತು, ಗೆರೆ ಹೆಬ್ಬೆರಳು ಅಗಲ ಸರಿಯಿತು, ಲಿವರ್ ತಗಡಿಗೆ ಒತ್ತಿಕೊಂಡಿತು. ರಿವರ್ಸ್‌ನಲ್ಲಿ ಅದೇ ಮೌಂಟ್ ಕೆಳಕ್ಕೆ ಕೂತು ಗಟ್ಟಿ ನಿಂತಿತು. ಬಿಚ್ಚಿ ನೋಡಿದರೆ ರಬ್ಬರ್ ಒಳಗಿನ ಕಬ್ಬಿಣದಿಂದ ಪೂರ್ತಿ ಬಿಟ್ಟುಕೊಂಡಿದೆ. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಈಗ ಗಟ್ಟಿ ಪಾಲಿಯುರೆಥೇನ್ ಮೌಂಟ್ ಹಾಕಲಾ, ಕಂಪನಿ ರಬ್ಬರ್ ಹಾಕಲಾ?

ಉದ್ಯಮಬಾಗ ಲೇತ್:
ಮೂರೂ ಹೊಸ ರಬ್ಬರ್ ಹಾಕಿ. ಮೂರೂ ಕಡೆ ಗಟ್ಟಿ ಮೌಂಟ್ ಹಾಕಿದರೆ ಗೇರಿನ ಸದ್ದು ನೇರ ಒಳಗೆ ಬರುತ್ತದೆ. ಅದಕ್ಕಿಂತ ಮುಖ್ಯ, ಕೊರಕಲಿನಲ್ಲಿ ಚಾಸಿ ತಿರುಚಿಕೊಂಡಾಗ ಬಗ್ಗಲು ಏನೂ ಇರದೆ ಕೇಸಿನ ತೋಳಿಗೆ ಬಿರುಕು ಬರಬಹುದು. ರಬ್ಬರ್ ಜೊತೆಗೆ ನಾಲ್ಕನೆಯ ಆಧಾರ ಒಂದು ಮಾಡಿಸಿ: ಎದ್ದೇಳುವ ತೋಳಿನಿಂದ ಚಾಸಿಗೆ ಒಂದು ಪಟ್ಟಿ, ಎರಡೂ ತುದಿಗೆ ಬುಶ್. ಕೇಸಿನ ಅಲ್ಯೂಮಿನಿಯಂಗೆ ವೆಲ್ಡಿಂಗ್ ಬೇಡ, ಇರುವ ಬೋಲ್ಟ್‌ಗಳನ್ನೇ ಬಳಸಿ. ಇಲ್ಲಿ ಬೆಳಗಾವಿಯ ಉದ್ಯಮಬಾಗದಲ್ಲಿ ಅಳತೆ ಕೊಟ್ಟರೆ ಮಾಡಿಕೊಡುವ ಶಾಪ್‌ಗಳು ಬೇಕಾದಷ್ಟಿವೆ. ಲಿವರ್ ತಾಗುವ ಅಂಚನ್ನು ಸ್ವಲ್ಪ ಕತ್ತರಿಸಿ ಮಡಚಿಸಿ.

50-60ರ ನಡುಕಕ್ಕೂ ಮೌಂಟೇ ಕಾರಣ ಇರಬಹುದು. ಕೇಸ್ ಓರೆಯಾದರೆ ಆ ಗಿಡ್ಡ ಶಾಫ್ಟಿನ ಕೋನ ಕೆಡುತ್ತದೆ. ಮೌಂಟ್ ಹಾಕಿದ ಮೇಲೂ ಇದ್ದರೆ ಅದರ ಎರಡೂ ತುದಿಯ ಕ್ರಾಸ್ (ಕೋನ ಬದಲಾದರೂ ತಿರುಗುವ ಜಾಯಿಂಟ್) ಕೈಯಲ್ಲಿ ಅಲ್ಲಾಡಿಸಿ ನೋಡಿ.

ಖಾನಾಪುರ ಜಿಪ್ಸಿ:
ಮೌಂಟ್, ಪಟ್ಟಿ ಎರಡೂ ಆಯಿತು. ಅದೇ ಏರು, ಅದೇ ಕಲ್ಲು, ಮಳೆ ಬಿದ್ದ ಮೇಲೆ ಹತ್ತಿಸಿದೆ. ಲಿವರ್ ಅಲ್ಲಾಡಲಿಲ್ಲ! ಡಿಫರೆನ್ಶಿಯಲ್ ಹಲ್ಲನ್ನೂ ಎಣಿಸಿದೆ, ಕ್ರೌನ್ 43, ಪಿನಿಯನ್ 11, ಅಂದರೆ ಅನುಪಾತ 3.909. ಫಸ್ಟ್ ಗೇರ್ 3.652 ಹಿಡಿದು ಲೋ, ಡಿಫರೆನ್ಶಿಯಲ್ ಜೊತೆ ಗುಣಿಸಿದರೆ ಮೊದಲು ಒಟ್ಟು 32.4 ಇತ್ತು, ಈಗ 59.4. ಎಂಜಿನ್ 800 ಆರ್‌ಪಿಎಂ ಇದ್ದಾಗ ಗಂಟೆಗೆ 3.4 ಕಿಲೋಮೀಟರ್ ಹೋಗುತ್ತಿದ್ದದ್ದು ಈಗ 1.9ಕ್ಕೆ ಇಳಿದಿದೆ. ಕ್ಲಚ್ ಮುಟ್ಟುವ ಕೆಲಸವೇ ಇಲ್ಲ. ನಡುಕ ಬಹಳ ಕಡಿಮೆಯಾಗಿದೆ, ಹಿಂದಿನ ಕ್ರಾಸ್ ಸ್ವಲ್ಪ ಆಡುತ್ತದೆ, ಬದಲಿಸುತ್ತೇನೆ. ಸ್ಪೀಡೋಮೀಟರ್ ಮಾತ್ರ ಕಡಿಮೆ ತೋರಿಸುತ್ತದೆ, ಇದು ಕಿಟ್‌ನಿಂದ ಆಗಿದ್ದಾ?

ಉದ್ಯಮಬಾಗ ಲೇತ್:
ಬಹಳ ಖುಷಿಯಾಯಿತು. ಸ್ಪೀಡೋಮೀಟರಿಗೂ ಕಿಟ್‌ಗೂ ಸಂಬಂಧ ಇಲ್ಲ, ಅದರ ಕೇಬಲ್ ಕೇಸಿನಿಂದ ಹೊರಗೆ ಹೋಗುವ ಶಾಫ್ಟಿನಿಂದ ತಿರುಗುತ್ತದೆ. ಟೈರ್ ಕಾರಣ. ಕಂಪನಿಯ 205/70 ಆರ್15ಗಿಂತ ನಿಮ್ಮದು ಸುಮಾರು 10 ಶೇಕಡಾ ದೊಡ್ಡದು. ಮುಳ್ಳು 60 ತೋರಿಸಿದರೆ ಗಾಡಿ 66ರ ಹತ್ತಿರ ಇರುತ್ತದೆ, ಚೋರ್ಲಾ ಘಾಟಿನಲ್ಲಿ ಇಳಿಯುವಾಗ ನೆನಪಿರಲಿ.

ಮತ್ತೆ, ಬಲ ಜಾಸ್ತಿಯಾಗಿದೆ ಅಲ್ವಾ, ಇನ್ನು ಮುಂದೆ ಮುರಿಯುವುದು ಮುಂದಿನ ಆಕ್ಸಲ್ ಜಾಯಿಂಟ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಇಟ್ಟು ಕಲ್ಲಿಗೆ ಗಾಲಿ ಒತ್ತಿ ಆಕ್ಸಿಲರೇಟರ್ ಕೊಡಬೇಡಿ. ಸ್ವಲ್ಪ ಹಿಂದೆ ತಂದು, ಗಾಲಿ ನೇರ ಮಾಡಿ ಹತ್ತಿಸಿ. ಪಟ್ಟಿಯ ಬೋಲ್ಟ್‌ಗಳನ್ನು ಮೊದಲ ಕೆಲವು ಓಡಾಟ ಆದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ, ಹೊಸ ರಬ್ಬರ್ ಸ್ವಲ್ಪ ಕೂರುತ್ತದೆ.