ಟ್ರಾಫಿಕ್‌ನಲ್ಲಿ ಸೈಕಲ್ ತುಳಿದರೆ ತಲೆ ಹಗುರಾಗುತ್ತಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮನೆ ಬನಶಂಕರಿ, ಆಫೀಸ್ ರಿಚ್‌ಮಂಡ್ ಸರ್ಕಲ್ ಹತ್ತಿರ. ಕಾರಿನಲ್ಲಿ ಹೋಗಿ ಬರುವಷ್ಟರಲ್ಲಿ ತಲೆ ಕೆಟ್ಟುಹೋಗುತ್ತದೆ. ಮನೆಗೆ ಬಂದು ಮಕ್ಕಳ ಮೇಲೆ ರೇಗುತ್ತೇನೆ, ರಾತ್ರಿ ನಿದ್ದೆ ಸರಿಯಿಲ್ಲ. ಸೈಕಲ್‌ನಲ್ಲಿ ಹೋಗುತ್ತೇನೆ ಅಂದರೆ, "ಆ ಟ್ರಾಫಿಕ್‌ನಲ್ಲಾ? ಇರೋ ಬಿಪಿ ಇನ್ನೂ ಏರುತ್ತೆ" ಎನ್ನುತ್ತಾರೆ ಮನೆಯವರು. ಮನಸ್ಸಿಗೆ ನಿಜವಾಗಿ ಒಳ್ಳೆಯದಾಗುತ್ತದೆಯೇ? ದಿನಾ ತುಳಿಯುವವರು ದಯವಿಟ್ಟು ಹೇಳಿ.

ಜಯನಗರದಿಂದ: ಖಂಡಿತ ಆಗುತ್ತದೆ ಸರ್. ನಾನು ಹಲವು ವರ್ಷಗಳಿಂದ ಎಂ.ಜಿ. ರಸ್ತೆಗೆ ಸೈಕಲ್‌ನಲ್ಲೇ ಓಡಾಡುತ್ತಿದ್ದೇನೆ. ಕಾರಿನಲ್ಲಿ ತಲೆ ಕೆಡಿಸುವುದು ಬರೀ ಟ್ರಾಫಿಕ್ ಅಲ್ಲ. ಏನೂ ಮಾಡಲಾಗದೆ ಸುಮ್ನೆ ಕೂತಿರಬೇಕಲ್ಲ, ಅದು. ಮುಂದೆ ಏನಾಗಿದೆ ಕಾಣುವುದಿಲ್ಲ, ಎಷ್ಟು ಹೊತ್ತಿಗೆ ತಲುಪುತ್ತೇವೋ ಗೊತ್ತಿಲ್ಲ. ಊರೂರ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಕಂಪನಿಯವರ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ. ಅಂದರೆ ಗಂಟೆಗೆ 18 ಕಿ.ಮೀ. ಕೂಡ ಇಲ್ಲ. ಗೇರ್ ಸೈಕಲ್‌ನಲ್ಲಿ ಅವಸರವಿಲ್ಲದೆ ತುಳಿದರೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಹಿಡಿಯುತ್ತದೆ. ಆದರೆ ಸೈಕಲ್ ಹಿಡಿಯುವ ಹೊತ್ತು ದಿನಾ ಒಂದೇ. ಮಂತ್ರಿ ಬರಲಿ, ಎಲ್ಲೋ ಲಾರಿ ಕೆಟ್ಟು ನಿಲ್ಲಲಿ, ಐದು ನಿಮಿಷ ಆಚೀಚೆ ಅಷ್ಟೆ. ಇದು ಗೊತ್ತಿದ್ದರೆ ಮನೆ ಬಿಡುವಾಗಿನ ಧಾವಂತವೇ ಇರುವುದಿಲ್ಲ.

ಇನ್ನು ತಲೆಯೊಳಗಿನ ಗಲಾಟೆ. ಸೈಕಲ್ ಮೇಲೆ ನಿನ್ನೆಯ ಮೀಟಿಂಗ್ ನೆನೆಸಿಕೊಂಡು ಕೊರಗಲು ಪುರುಸೊತ್ತೇ ಇಲ್ಲ. ಎಡಗಡೆ ನಿಂತ ಕಾರಿನೊಳಗೆ ಯಾರಾದರೂ ಇದ್ದಾರಾ, ಬಾಗಿಲು ತೆಗೀತಾರಾ? ಆಟೋದ ಇಂಡಿಕೇಟರ್ ನಂಬಬೇಡಿ, ಮುಂದಿನ ಚಕ್ರ ನೋಡಿ; ಅದು ಹೊರಳಿದ ಕಡೆಗೇ ಆಟೋ. ಬಿಎಂಟಿಸಿ ಬಸ್ಸು ಸ್ಟಾಪಿನ ಹತ್ತಿರ ಎಡಕ್ಕೆ ಸರಿಯುತ್ತಿದ್ದರೆ ಬಸ್ಸಿಗೂ ಫುಟ್‌ಪಾತಿಗೂ ನಡುವೆ ನುಗ್ಗಲೇಬಾರದು, ಹಿಂದೆ ನಿಂತುಬಿಡಬೇಕು. ಕಂಡಕ್ಟರ್ ಸೀಟಿ ಊದುತ್ತಾರೆ, ಬಸ್ಸು ಹೊರಡುತ್ತದೆ, ನೀವೂ ಹೊರಡುತ್ತೀರಿ. ಕಣ್ಣು ಕಿವಿ ಇಷ್ಟನ್ನೂ ನೋಡಿಕೊಳ್ಳುವಾಗ ಕಾಲು ತನ್ನ ಪಾಡಿಗೆ ತುಳಿಯುತ್ತಿರುತ್ತದೆ. ಕಣ್ಣು ಮುಚ್ಚಿ ಕೂತರೆ ಬರದ ಏಕಾಗ್ರತೆ ನನಗೆ ಅಲ್ಲಿ ಬರುತ್ತದೆ.

ಸಂಜೆ ಇದರ ಉಪಯೋಗ ಇನ್ನೂ ಜಾಸ್ತಿ. ಆಫೀಸಿನ ಸಿಟ್ಟು ದಾರಿಯಲ್ಲೇ ಇಳಿದುಹೋಗುತ್ತದೆ. ಸ್ನಾನ ಮಾಡಿ ಕೂತರೆ ಮಕ್ಕಳು ಹೇಳುವುದನ್ನು ಕೇಳುವಷ್ಟು ತಾಳ್ಮೆ ಉಳಿದಿರುತ್ತದೆ. ಹತ್ತೂವರೆಗೆ ಕಣ್ಣು ಎಳೆಯುತ್ತದೆ. ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ವ್ಯಾಯಾಮ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ದೂರಕ್ಕೆ ವಾರದಲ್ಲಿ ಮೂರು ದಿನ ಹೋಗಿಬಂದರೆ ಅದು ಅಲ್ಲೇ ಆಗಿಹೋಯಿತು.

ಮಲ್ಲೇಶ್ವರದಿಂದ ಒಬ್ಬ ಟೀಚರ್: ನನಗೆ ಸೈಕಲ್‌ನಿಂದ ಬಂದಿದ್ದು ಧೈರ್ಯ. ಕೈ ಚಾಚಿ, ಹಿಂದೆ ಬರುವವರನ್ನು ತಿರುಗಿ ನೋಡಿ, ಅವರು ನಿಧಾನ ಮಾಡಿದ ಮೇಲೆ ಸರ್ಕಲ್ ದಾಟುವುದನ್ನು ಕಲಿತೆ. ಆಮೇಲೆ ಸ್ಟಾಫ್ ಮೀಟಿಂಗಿನಲ್ಲೂ ನನ್ನ ದನಿ ಗಟ್ಟಿಯಾಯಿತು. ದಾರಿಯಲ್ಲಿ ಪರಿಚಯದ ಮುಖಗಳೂ ಸಿಗುತ್ತವೆ. ಹೂವಿನವರು "ಯಾಕಮ್ಮ, ಎರಡು ದಿನ ಕಾಣಲೇ ಇಲ್ಲ?" ಅಂತಾರೆ. ಗಾಜು ಏರಿಸಿದ ಕಾರಿನಲ್ಲಿ ಇದೆಲ್ಲಿ ಸಿಗಬೇಕು?

ಅಡ್ಡ ಮಾತಾಡುವವರೂ ಇದ್ದಾರೆ, ಕತ್ತಲಾದ ಮೇಲೆ ಜಾಸ್ತಿ. ಅದಕ್ಕೇ ಮಡಚುವ ಸೈಕಲ್ ತೆಗೆದುಕೊಂಡೆ. 2020ರಿಂದ ನಮ್ಮ ಮೆಟ್ರೋದಲ್ಲಿ ಅದನ್ನು ಒಯ್ಯಲು ಬಿಡುತ್ತಾರೆ. ಮಳೆ, ಕತ್ತಲು, ಸುಸ್ತು ಯಾವುದೇ ಇರಲಿ, ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಮಡಚಿಕೊಂಡು ಹತ್ತಿಬಿಡುತ್ತೇನೆ. ಬೇಡ ಅನ್ನಿಸಿದ ದಿನ ಬಿಡಬಹುದು ಅನ್ನುವುದೇ ಒಂದು ನೆಮ್ಮದಿ.

ಎಚ್‌ಎಸ್‌ಆರ್ ಲೇಔಟ್‌ನಿಂದ: ನಾನು ಪೂರ್ತಿ ಒಪ್ಪುವುದಿಲ್ಲ. ಎಲ್ಲವೂ ಎಂಥ ರಸ್ತೆ ಅನ್ನುವುದರ ಮೇಲೆ ನಿಂತಿದೆ. ನನ್ನ ಆಫೀಸ್ ಹೊರವರ್ತುಲ ರಸ್ತೆಯಲ್ಲಿ. 2020ರಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಬೊಲಾರ್ಡ್ (ಗಾಡಿ ನುಗ್ಗದ ಹಾಗೆ ಗೂಟ) ನೆಟ್ಟು ಸೈಕಲ್ ದಾರಿ ಮಾಡಿದ್ದರಲ್ಲ, ಆಗ ಹಾಡು ಗುನುಗಿಕೊಂಡು ಹೋಗುತ್ತಿದ್ದೆ. ಆಮೇಲೆ ಬೊಲಾರ್ಡ್ ಮುರಿದು, ಬೈಕುಗಳು ನುಗ್ಗಿ, ಕಾಮಗಾರಿಯೂ ಶುರುವಾಗಿ ಆ ದಾರಿ ಹೋಯಿತು. ಅದೇ ರಸ್ತೆ, ಅದೇ ಸೈಕಲ್, ಆದರೆ ಆಫೀಸ್ ತಲುಪುವಾಗ ಕೈ ನಡುಗುತ್ತಿತ್ತು. ಹಾರ್ನ್, ಹೊಗೆ, ವೇಗ ಮೂರೂ ಸೇರಿದ ಕಡೆ ಯಾರ ಮನಸ್ಸೂ ಹಗುರಾಗಲ್ಲ. ಈಗ ಒಳರಸ್ತೆಗಳಲ್ಲಿ ಸುತ್ತಿಕೊಂಡು ಹೋಗುತ್ತೇನೆ. ದೂರ ಜಾಸ್ತಿ, ಆದರೂ ಅದೇ ವಾಸಿ.

ನಿಮಗೂ ಅದನ್ನೇ ಹೇಳುತ್ತೇನೆ. ಕನಕಪುರ ರಸ್ತೆ, ಡಬಲ್ ರೋಡ್ ಬಿಟ್ಟುಬಿಡಿ. ಜಯನಗರದ ಒಳರಸ್ತೆ, ಸಿದ್ದಾಪುರ, ವಿಲ್ಸನ್ ಗಾರ್ಡನ್, ಲ್ಯಾಂಗ್‌ಫೋರ್ಡ್ ಟೌನ್ ಹಿಡಿದು ಬನ್ನಿ. ದೊಡ್ಡ ರಸ್ತೆಯಿಂದ ಒಂದೆರಡು ಕ್ರಾಸ್ ಒಳಗೆ ಸರಿದರೂ ಹೊಗೆ ಕಡಿಮೆಯಾಗುತ್ತದೆ, ಮರಗಳ ನೆರಳೂ ಸಿಗುತ್ತದೆ.

ವಿಜಯನಗರದಿಂದ: ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದವರ ಅಧ್ಯಯನವೊಂದು 2024ರಲ್ಲಿ ಬಂತು. ಎಡಿನ್‌ಬರೋ, ಗ್ಲಾಸ್ಗೋ ಎರಡೂ ಊರುಗಳಲ್ಲಿ ಕೆಲಸಕ್ಕೆ ಹೋಗುವವರನ್ನು ಐದು ವರ್ಷ ಗಮನಿಸಿದ್ದಾರೆ. ಸೈಕಲ್‌ನಲ್ಲಿ ಹೋಗುವವರಿಗೆ ಖಿನ್ನತೆ, ಆತಂಕದ ಔಷಧಿ ಬೇಕಾಗುವುದು ಸುಮಾರು 15% ಕಡಿಮೆಯಂತೆ. ಅಲ್ಲಿ ಸೈಕಲ್‌ಗೆಂದೇ ದಾರಿ ಇವೆ, ಅದು ನೆನಪಿರಲಿ.

ನಾನೂ ಆತಂಕಕ್ಕೆ ಮಾತ್ರೆ ತೆಗೆದುಕೊಳ್ಳುತ್ತೇನೆ. ಸೈಕಲ್ ತುಳಿದ ದಿನ ಎದೆ ಬಿಗಿತ ಕಡಿಮೆ ಇರುತ್ತದೆ. ಆದರೆ ಸೈಕಲ್ ಶುರುವಾಯಿತು ಅಂತ ಮಾತ್ರೆ ನಿಲ್ಲಿಸಿಲ್ಲ, ಡಾಕ್ಟರನ್ನು ಕೇಳದೆ ಯಾರೂ ನಿಲ್ಲಿಸಬೇಡಿ. ನಿಮ್ಮ ಬಿಪಿ ವಿಷಯವೂ ಅಷ್ಟೇ, ಒಮ್ಮೆ ತೋರಿಸಿಕೊಂಡು ಶುರುಮಾಡಿ. ನಿದ್ದೆ ಬಾರದ್ದು ವಾರಗಟ್ಟಲೆ ಮುಂದುವರಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ನಾಳೆಯೇ ಬಿಪಿ ತೋರಿಸುತ್ತೇನೆ. ಬೆವರಿಗೆ ಏನು ಮಾಡುತ್ತೀರಿ? ನಮ್ಮ ಆಫೀಸಿನಲ್ಲಿ ಸ್ನಾನಕ್ಕೆ ಜಾಗವಿಲ್ಲ.

ಜಯನಗರದಿಂದ: ಎಂಟಕ್ಕೆ ಮುಂಚೆ ಹೊರಟರೆ ನಮ್ಮ ಊರಿನ ಹವೆಗೆ ಅಷ್ಟೇನೂ ಬೆವರುವುದಿಲ್ಲ. ಏಪ್ರಿಲ್‌ನಲ್ಲಿ ಸ್ವಲ್ಪ ಕಷ್ಟ. ಟೀ ಶರ್ಟ್‌ನಲ್ಲಿ ತುಳಿಯಿರಿ, ಒದ್ದೆ ಟವೆಲ್‌ನಲ್ಲಿ ಒರೆಸಿಕೊಂಡು ಅಲ್ಲಿ ಶರ್ಟ್ ಬದಲಿಸಿ. ಹೆಲ್ಮೆಟ್, ಹಿಂದಕ್ಕೊಂದು ಕೆಂಪು ಲೈಟು, ಒಂದು ಬೆಲ್ಲು, ಇಷ್ಟಕ್ಕೆ ಮಾತ್ರ ದುಡ್ಡು ನೋಡಬೇಡಿ. ಡಾಕ್ಟರ್ ಸರಿ ಅಂದರೆ ಭಾನುವಾರ ಬೆಳಗ್ಗೆ ಏಳಕ್ಕೆ ಅಶೋಕ ಪಿಲ್ಲರ್ ಹತ್ತಿರ ಬನ್ನಿ ಸರ್. ರಸ್ತೆ ಖಾಲಿ ಇರುತ್ತದೆ, ವಿಲ್ಸನ್ ಗಾರ್ಡನ್ ದಾರಿಯನ್ನು ಒಮ್ಮೆ ಜೊತೆಯಲ್ಲಿ ತುಳಿಯೋಣ. ಆಫೀಸ್ ಟೈಮಿನಲ್ಲಿ ಮೊದಲ ಸಲ ಹೊರಡುವ ದಿನವೂ ನಾನು ಜೊತೆಗೆ ಬರುತ್ತೇನೆ.