ಜುಲೈ ಬಂತು, ದುಬೈನಲ್ಲಿ ಟೀಚರ್ ಕೆಲಸ ಇನ್ನೂ ಸಿಗುತ್ತಾ?

ಪ್ರಶ್ನೆ: ಕಲಬುರಗಿಯವಳು. ಎಂಎಸ್ಸಿ, ಬಿಎಡ್. 9 ವರ್ಷದಿಂದ ಫಿಸಿಕ್ಸ್ ಹೇಳಿಕೊಡ್ತಿದ್ದೇನೆ. ಯಜಮಾನರಿಗೆ ದುಬೈನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡಬೇಕು. ನಾನು ಅರ್ಜಿ ಹಾಕೋಕೆ ತಡ ಆಯ್ತಾ?

ಉತ್ತರ: ಅಲ್ಲಿನ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲೇ ಶುರು ಅಕ್ಕಾ. ಆದರೆ ಅಲ್ಲಿನ ಜುಲೈ-ಆಗಸ್ಟ್ ಬೇಸಿಗೆ ರಜೆಗೆ ಊರಿಗೆ ಬಂದ ಕೆಲವು ಟೀಚರ್‌ಗಳು ವಾಪಸ್ ಹೋಗೋದೇ ಇಲ್ಲ. ಆಗಸ್ಟ್ ಕೊನೆಗೆ ಶಾಲೆ ತೆರೆಯುವಾಗ ಟೀಚರ್ ಹುಡುಕೋ ಗಡಿಬಿಡಿ. ನನಗೂ ಹಾಗೇ ಸಿಕ್ಕಿದ್ದು. ಮೊದಲು ಡಿಗ್ರಿ ಸರ್ಟಿಫಿಕೇಟಿಗೆ ಅಟೆಸ್ಟೇಷನ್ (ಅಸಲಿ ಅಂತ ಸರ್ಕಾರಿ ಸೀಲ್) ಮಾಡಿಸಿ: ರಾಜ್ಯದ್ದು, ವಿದೇಶಾಂಗ ಸಚಿವಾಲಯದ್ದು, ಆಮೇಲೆ ಯುಎಇ ರಾಯಭಾರ ಕಚೇರಿಯದ್ದು.

ಕೇಳಿದವರು: ಅಯ್ಯೋ, ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಏರಿಯಾದಲ್ಲಿ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದೇನೆ!

ಇನ್ನೊಬ್ಬರು: ಪ್ಲಾಸ್ಟಿಕ್ ಮೇಲೆ ಸೀಲ್ ಕೂರಲ್ಲ. ಸುಮ್ನೆ ಬ್ಲೇಡ್ ಹಾಕಬೇಡಿ, ಹರಿದೀತು. ಯೂನಿವರ್ಸಿಟಿಗೆ ಹೋಗಿ ಡೂಪ್ಲಿಕೇಟ್ ಕೇಳಿ. ಗಂಡನ ವೀಸಾದಲ್ಲಿ ಹೋಗ್ತೀರಲ್ವಾ? ಅದನ್ನ ಅರ್ಜಿಯಲ್ಲೇ ಬರೀರಿ. ಶಾಲೆಯವರಿಗೆ ವೀಸಾ ಖರ್ಚು ಉಳಿಯುತ್ತೆ.