ಶಾಲೆಗೆ ಇಂಟರ್ನೆಟ್ ಬಂದರೆ ಮಕ್ಕಳ ಕಲಿಕೆ ಸುಧಾರಿಸುತ್ತಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಸೋಮವಾರಪೇಟೆ ಹತ್ತಿರದ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿಯಲ್ಲಿ (ಶಾಲಾಭಿವೃದ್ಧಿ ಸಮಿತಿ) ಇದ್ದೇನೆ. ದಾನಿಯೊಬ್ಬರು ಇಂಟರ್ನೆಟ್ ಹಾಕಿಸಿಕೊಡ್ತೀನಿ ಅಂದಿದ್ದಾರೆ. ನಮ್ಮಲ್ಲಿ ಅರ್ಧ ಮಕ್ಕಳು ಎಸ್ಟೇಟ್ ಕಾರ್ಮಿಕರ ಲೈನ್‌ಮನೆಯವರು. ಮನೆಗೆ ಒಂದೇ ಫೋನ್, ಅದೂ ಬೆಳಿಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗುತ್ತದೆ. ಇದರಿಂದ ಗಣಿತ, ಓದು ಸುಧಾರಿಸುತ್ತಾ? ಇಲ್ಲ, ಬೇರೆ ಏನಾದರೂ ಕೇಳೋಣವಾ?

ಉತ್ತರ (ಶಿಕ್ಷಕರ ತರಬೇತುದಾರರು): ನಮಸ್ಕಾರ ಸರ್. ಬೇಡ ಅನ್ನಬೇಡಿ. ಆದರೆ ಈ ವರ್ಷವೇ ಮಾರ್ಕ್ಸ್ ಏರುತ್ತೆ ಅಂತ ದಾನಿಗೆ ಮಾತೂ ಕೊಡಬೇಡಿ.

ಪೆರು ದೇಶದಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅಲ್ಲಿನ 319 ಹಳ್ಳಿ ಶಾಲೆಗಳ ಅಧ್ಯಯನದಲ್ಲಿ, ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಗಣಿತ, ಭಾಷೆಯಲ್ಲಿ ಸಿಗದವರಿಗಿಂತ ಮುಂದೆ ಹೋಗಲಿಲ್ಲ. ಹೆಚ್ಚಿನ ಶಾಲೆಗಳಲ್ಲಿ ಇಂಟರ್ನೆಟ್ ಇರಲಿಲ್ಲ. ಅದೇ ದೇಶದಲ್ಲಿ ಇಂಟರ್ನೆಟ್ ಬಂದ ಶಾಲೆಗಳನ್ನು ವರ್ಷಗಟ್ಟಲೆ ಗಮನಿಸಿದಾಗ ಗಣಿತದ ಅಂಕ ಮೊದಲು ಸ್ವಲ್ಪ ಏರಿತು, ವರ್ಷ ಕಳೆದಂತೆ ಜಾಸ್ತಿ ಆಯಿತು. ಕಂಪ್ಯೂಟರ್ ಬಲ್ಲ ಶಿಕ್ಷಕರನ್ನು ತಂದುಕೊಳ್ಳಲು ಶಾಲೆಗಳಿಗೆ ಟೈಮ್ ಹಿಡಿಯಿತು. ತಂತಿ ಎಳೆಯೋದು ಒಂದು ದಿನದ ಕೆಲಸ, ಉಳಿದದ್ದು ನಿಧಾನ.

ಕಳೆದ ಜುಲೈನಲ್ಲಿ ಒಂದು ಶಾಲೆಗೆ ಹೋಗಿದ್ದೆ. ಹೊರಗೆ ಒಂದೇ ಸಮ ಮಳೆ. ಐದನೇ ಕ್ಲಾಸಿನ ಹುಡುಗಿ ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಟೀಚರ್ ಫೋನ್ ಹಿಡಿದು ಭಿನ್ನರಾಶಿ ವಿಡಿಯೋಗೆ ಕಾಯುತ್ತಿದ್ದಳು. ಚಕ್ರ ಸುತ್ತುತ್ತಲೇ ಇತ್ತು. ಅಷ್ಟರಲ್ಲಿ ಕರೆಂಟೂ ಹೋಯಿತು. ಟೀಚರ್ ಹಿಂದಿನ ರಾತ್ರಿಯೇ ಮನೆಯಲ್ಲಿ ಆ ವಿಡಿಯೋ ನೋಡಿದ್ದರು. ಒಂದು ಹಾಳೆ ತಗೊಂಡು ಮಡಚಿ ಮಡಚಿ ಕಾಲು, ಅರೆಕಾಲು ತೋರಿಸಿದರು. ಹುಡುಗಿ ತಾನೂ ಮಡಚಿದಳು. ಇಂಟರ್ನೆಟ್ ಮೊದಲು ಟೀಚರ್‌ಗೆ ಸಿಗಬೇಕು ಅಂತ ನಾನು ಹೇಳುವುದು ಇದಕ್ಕೇ.

ಹಾಗಾಗಿ ದಾನಿಯವರ ಹತ್ತಿರ ಸಂಪರ್ಕದ ಜೊತೆ ಯುಪಿಎಸ್ ಕೂಡ ಕೇಳಿ. ಮೂರು ವರ್ಷದ ಬಿಲ್ ಯಾರು ಕಟ್ಟುತ್ತಾರೆ ಅಂತ ಈಗಲೇ ಮಾತಾಡಿಕೊಳ್ಳಿ. ನೆಟ್ ಇರುವಾಗ ಸರ್ಕಾರದ ಪಾಠಗಳಿರುವ ದೀಕ್ಷಾ ಆ್ಯಪ್‌ನಲ್ಲಿ ಪಾಠ ಡೌನ್‌ಲೋಡ್ ಮಾಡಿಟ್ಟರೆ ಇಲ್ಲದಾಗಲೂ ನಡೆಯುತ್ತೆ. ಸಿಡಿಲು ಬರುವಾಗ ಮೋಡೆಮ್ ಪ್ಲಗ್ ಕಿತ್ತಿಡೋದನ್ನು ಮರೀಬೇಡಿ.

ಪ್ರಶ್ನೆ: ಮಕ್ಕಳು ಸುಮ್ನೆ ರೀಲ್ಸ್ ನೋಡ್ತಾ ಕೂತರೆ?

ಉತ್ತರ: ಕೈಗೆ ಕೊಟ್ಟು ಬಿಟ್ಟರೆ ನೋಡೇ ನೋಡ್ತಾರೆ. ಮೊದಲ ವರ್ಷ ದೊಡ್ಡ ಪರದೆಯಲ್ಲಿ, ಟೀಚರ್ ಎದುರೇ ಇರಲಿ. ಹತ್ತು ನಿಮಿಷ ನೋಡಿ, ನಿಲ್ಲಿಸಿ, ನೋಟ್‌ಬುಕ್ಕಲ್ಲಿ ಲೆಕ್ಕ ಮಾಡಿಸಿ. ಲೈನ್‌ಮನೆ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಸರ್. ಮನೆಯಲ್ಲಿ ಇನ್ನೊಮ್ಮೆ ನೋಡೋಕೆ ಅವರಿಗೆ ಫೋನ್ ಸಿಗಲ್ಲ.